ಒಂಬತ್ತು ಪೆಡಲ್, ಮೂರು ಸೆಲ್ಲು

ಬೀದರಿನ ಬಸ್ ನಿಲ್ದಾಣ

ಮೈಸೂರಿನಲ್ಲಿರುವ ನನ್ನ ಅಮ್ಮನ ಪ್ರಕಾರ ತುಮಕೂರು ದಾಟಿದ ಮೇಲಿರುವುದೆಲ್ಲ ಪರದೇಶ. ತೆಲಂಗಾಣದ ಜಹೀರಾಬಾದಿಗೆ ಹೊರಟಿದ್ದೇನೆ ಎಂದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ಯಾವ ಭಾಷೇಲಿ ಊಟ ಕೇಳ್ತೀಯ?" ನನಗೂ ಗೊತ್ತಿರಲಿಲ್ಲ. ಪಾಸ್‌ಪೋರ್ಟ್ ಒಂದನ್ನು ಬಿಟ್ಟು ಪರದೇಶಕ್ಕೆ ಬೇಕಾದ ಎಲ್ಲ ಭಯವನ್ನೂ ಕಟ್ಟಿಕೊಂಡು ಹೊರಟೆ.

ಹದಿನೈದು ವರ್ಷದಿಂದ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ನಾಲ್ಕೇ ದಪ್ಪ ತಂತಿಗಳ, ತಗ್ಗು ದನಿಯ ಗಿಟಾರ್ ಅದು. ವೇದಿಕೆಯ ಮೇಲೆ ಅದು ಇದ್ದಾಗ ಯಾರಿಗೂ ಕೇಳಿಸುವುದಿಲ್ಲ, ನಿಂತಾಗ ಮಾತ್ರ ಏನೋ ಕಳೆದುಹೋದಂತಾಗಿ ಎಲ್ಲರೂ ತಲೆ ಎತ್ತುತ್ತಾರೆ. ಅದರ ಜೊತೆಗೆ ನನ್ನ ಬಳಿ ಒಂದು ಕಪ್ಪು ಪೆಟ್ಟಿಗೆ ಇದೆ. ಅದರೊಳಗೆ ಸಾಲಾಗಿ ಜೋಡಿಸಿದ ಒಂಬತ್ತು ಪೆಡಲ್‌ಗಳು. ಪೆಡಲ್ ಎಂದರೆ ಅಂಗೈ ಅಗಲದ ಕಬ್ಬಿಣದ ಡಬ್ಬಿ. ಗಿಟಾರಿನಿಂದ ಸ್ಪೀಕರಿಗೆ ಹೋಗುವ ದನಿ ಅದರೊಳಗೆ ಹಾದುಹೋಗುತ್ತದೆ, ಕಾಲಲ್ಲಿ ಒತ್ತಿದರೆ ಬಣ್ಣ ಬದಲಿಸುತ್ತದೆ. ಯಾವ ಪೆಡಲ್ ಮೊದಲು ಕೊಳ್ಳಬೇಕು, ಯಾವುದು ಇಲ್ಲದಿದ್ದರೂ ನಡೆಯುತ್ತದೆ ಎಂದು ನನ್ನ ಶಿಷ್ಯರು ವಾರಕ್ಕೊಮ್ಮೆಯಾದರೂ ಕೇಳುತ್ತಾರೆ. ನನ್ನ ಉತ್ತರ ಬಾಯಿಪಾಠ. ಆದರೆ ನಾನೇ ಹೊರಟಾಗ ಒಂದನ್ನೂ ಬಿಡಲು ಮನಸ್ಸು ಬರಲಿಲ್ಲ.

ಬೀದರಿನಲ್ಲಿ ಜಹೀರಾಬಾದಿನ ಬಸ್ಸಿಗೆ ಪೆಟ್ಟಿಗೆ ಏರಿಸುವಾಗ ಕಂಡಕ್ಟರ್ ತಡೆದರು.

"ಇದ್ರಾಗ ಏನದ್ರಿ ಅಕ್ಕೋರ?"

"ಪೆಡಲ್‌ಗಳು."

"ಸೈಕಲ್‌ದಾ, ಹೊಲಿಗಿ ಮಿಷನ್‌ದಾ?"

"ಗಿಟಾರಿಂದು. ಕಾಲಲ್ಲಿ ಒತ್ತಿದ್ರೆ ದನಿ ಬದಲಾಗುತ್ತೆ."

"ಎಷ್ಟವ?"

"ಒಂಬತ್ತು."

ಅವರು ಬಗ್ಗಿ ನನ್ನ ಚಪ್ಪಲಿಗಳ ಕಡೆ ನೋಡಿದರು. "ಕಾಲ್ ಎರಡೇ ಅವಲ್ರಿ?" ಎಂದರು. ಹಿಂದಿನ ಸೀಟಿನ ಹೆಂಗಸರು ಗೊಳ್ಳೆಂದು ನಕ್ಕರು. ನಮ್ಮ ಕಡೆ ಬಸ್ಸಿನಲ್ಲಿ ಅಪರಿಚಿತರು ಒಬ್ಬರನ್ನು ನೋಡಿ ನಕ್ಕರೆ ಅಲ್ಲಿಗೆ ಮುಗಿಯಿತು, ಎಲ್ಲರೂ ಕಿಟಕಿಯ ಕಡೆ ತಿರುಗುತ್ತೇವೆ. ಇಲ್ಲಿ ನಕ್ಕ ಹೆಂಗಸರೇ ಸರಿದು ಕೂತು ಜಾಗ ಕೊಟ್ಟರು, ಸೀತಾಫಲ ಒಡೆದು ಕೈಗಿಟ್ಟರು, ಮದುವೆಯಾಗಿದೆಯೇ ಎಂದು ವಿಚಾರಿಸಿದರು. ರಾಜ್ಯದ ಗಡಿ ಯಾವಾಗ ದಾಟಿದೆವೋ ತಿಳಿಯಲಿಲ್ಲ. ಅಂಗಡಿಗಳ ಬೋರ್ಡುಗಳ ಮೇಲಿನ ಅಕ್ಷರ ತೆಲುಗಾಗಿತ್ತು, ಮಾತು ಮಾತ್ರ ಕನ್ನಡದಲ್ಲೇ ನಡೆದಿತ್ತು.

ಜಹೀರಾಬಾದ್

ನನ್ನನ್ನು ಕರೆಸಿದವರು ಮಹಾನಂದಾ. ಜಹೀರಾಬಾದಿನ ತೆಲುಗು ಮಾಧ್ಯಮದ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಾರೆ. ಕಲಬುರಗಿಯ ಒಂದು ಸಂಗೀತ ಶಿಬಿರದಲ್ಲಿ ನನ್ನ ವಾದನ ಕೇಳಿದ್ದವರು, ಒಂದು ದಿನ ಇದ್ದಕ್ಕಿದ್ದಂತೆ ಫೋನ್ ಮಾಡಿ, "ನಿಮ್ಮ ಗಿಟಾರದು ದಪ್ಪ ದನಿ ಅದ. ನಮಗ ಒಂದು ದಪ್ಪ ದನಿ ಬೇಕಾಗ್ಯದ" ಎಂದಿದ್ದರು.

ಯಾಕೆ ಬೇಕಾಗಿತ್ತು ಎಂಬುದನ್ನು ಅವರ ಸ್ಕೂಟರಿನ ಹಿಂದೆ ಕೂತು, ಪಸ್ತಾಪುರ ದಾಟಿ ಒಂದು ಹಳ್ಳಿಗೆ ಹೋಗುವ ದಾರಿಯಲ್ಲಿ ಪೂರ್ತಿ ಕೇಳಿದೆ. ಆ ಹಳ್ಳಿಯಲ್ಲಿ ನಾಗಮ್ಮ, ಈರಮ್ಮ ಎಂಬ ಇಬ್ಬರು ನೆಗೆಣ್ಣಿಯರು, ಅಂದರೆ ಅಣ್ಣತಮ್ಮಂದಿರ ಹೆಂಡಿರು. ಮದುವೆಯಾಗಿ ಬಂದ ದಿನದಿಂದ ಒಂದೇ ಬೀಸುಕಲ್ಲಿನ ಎದುರುಬದುರು ಕೂತು ಜೋಳ ಬೀಸಿದವರು, ಬೀಸುತ್ತ ಹಾಡಿದವರು. ಊರಿಗೆ ಗಿರಣಿ ಬಂದ ಮೇಲೂ ಹಾಡಿಗೋಸ್ಕರವೇ ಕಲ್ಲಿಗೆ ಕೂರುತ್ತಿದ್ದರಂತೆ. ನಾಗಮ್ಮ ಒಂದು ಸಾಲು ಎತ್ತಿದರೆ ಈರಮ್ಮ ತಗ್ಗು ದನಿಯಲ್ಲಿ ಎದುರು ಸಾಲು ಕೊಡಬೇಕು. ಎರಡು ವರ್ಷದ ಹಿಂದೆ ಈರಮ್ಮನಿಗೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಅವರದು ಬರೀ ಪಿಸುಮಾತು. ಅವತ್ತಿನಿಂದ ನಾಗಮ್ಮನೂ ಹಾಡಿಲ್ಲ.

"ನಾ ಬಿಡಲಿಲ್ಲ ನೋಡ್ರಿ," ಎಂದರು ಮಹಾನಂದಾ, ಸ್ಕೂಟರಿನ ಸದ್ದಿಗಿಂತ ಜೋರಾಗಿ. "ನಮ್ಮ ಸಾಲಿ, ಅಲ್ಲಿಂದ ನಾರಾಯಣಖೇಡ, ಆಮ್ಯಾಲ ತಾಂಡೂರು. ಮೂರು ಕಡೆ ಹಾಡಾಕ ಒಪ್ಪಿಸೀನಿ. ಮೂರು ಸಲ ನೋಡ್ತೀನಿ, ಹಾಡು ಬರಲಿಲ್ಲಂದ್ರ ಕಲ್ಲು ಹಿತ್ತಲಿಗಿ ಹಾಕ್ತೀನಿ ಅಂದಾಳ ಮುದುಕಿ. ಆಕಿ ಅಂದ್ರ ಅಂದಂಗೇ."

ಸ್ಕೂಟರಿನ ಮೇಲೆ ನನ್ನ ಬೆನ್ನಿಗೆ ಗಿಟಾರ್, ತೊಡೆಯ ಮೇಲೆ ಒಂಬತ್ತು ಪೆಡಲ್. ನಾನು ಬಂದಿದ್ದು ಪಕ್ಕವಾದ್ಯಕ್ಕೆ ಎಂದುಕೊಂಡಿದ್ದೆ. ಬಂದಿದ್ದು ಒಬ್ಬರ ಜಾಗದಲ್ಲಿ ಕೂರಲು.

ಆ ಮನೆಯ ಪಡಸಾಲೆಯಲ್ಲಿ ನಾಗಮ್ಮ ನೆಟ್ಟಗೆ ಕೂತಿದ್ದರು, ಈರಮ್ಮ ಕಂಬಕ್ಕೆ ಒರಗಿದ್ದರು. ಈರಮ್ಮ ಕುಳ್ಳಗೆ, ದುಂಡಗೆ, ಕಣ್ಣಲ್ಲೇ ಎಲ್ಲ ಮಾತಾಡುವ ಹೆಂಗಸು. ನನ್ನ ಪೆಟ್ಟಿಗೆ ತೆರೆದು ಕರೆಂಟಿಗೆ ಸಿಕ್ಕಿಸಿದಾಗ ಮಿಣುಕುವ ದೀಪಗಳನ್ನು ನೋಡಿ ಬೆರಳು ಅರಳಿಸಿ, ದೀಪಾವಳಿಯೇ ಎಂದು ಸನ್ನೆ ಮಾಡಿದರು. ಜೊತೆಗೆ ತಂದಿದ್ದ ಸೆಲ್ ಹಾಕುವ ಪುಟ್ಟ ಸ್ಪೀಕರಿಗೆ ಗಿಟಾರ್ ಜೋಡಿಸಿ, ನನ್ನ ತಗ್ಗು ದನಿಯನ್ನು ಇನ್ನೂ ಒಂದು ಸ್ಥಾಯಿ ಕೆಳಕ್ಕಿಳಿಸುವ ಪೆಡಲ್ ಒತ್ತಿ, ಬಹಳ ಗಂಭೀರವಾಗಿ ನುಡಿಸಿದೆ.

ನಾಗಮ್ಮ ಕೇಳಿ ಮುಗಿಸಿ ಮಹಾನಂದಾರ ಕಡೆ ತಿರುಗಿದರು. "ಎಮ್ಮಿ ಬಾವ್ಯಾಗ ಬಿದ್ದಂಗ ಆಗ್ಯದಲ್ಲೇ!"

ಈರಮ್ಮನ ಹೆಗಲು ಕುಲುಕಿದವು. ಅವರು ನಗುವುದೇ ಹಾಗೆ, ಸದ್ದಿಲ್ಲದೆ.

ಮರುದಿನ ಶಾಲೆಯ ಸಭಾಂಗಣದಲ್ಲಿ ನಾನು ಇನ್ನೂ ದೊಡ್ಡ ತಪ್ಪು ಮಾಡಿದೆ. ವೇದಿಕೆಯ ನಡುವೆ ಬೀಸುಕಲ್ಲು, ಅದರ ಪಕ್ಕ ಒಂದು ಮೈಕು. ಕಲ್ಲಿಲ್ಲದೆ ಹಾಡು ಬರುವುದಿಲ್ಲ ಎಂದು ನಾಗಮ್ಮ ಹೇಳಿದ್ದರಿಂದ ಅದನ್ನು ಹಳ್ಳಿಯಿಂದಲೇ ತಂದಿದ್ದರು. ನಾಗಮ್ಮ ಒಬ್ಬರೇ ಗೂಟ ಹಿಡಿದು ತಿರುಗಿಸುತ್ತ ಹಾಡು ಎತ್ತಿದರು. ದನಿ ಒಣ ಜೋಳದ ದಂಟಿನ ಹಾಗೆ ನೇರ. ನಾನು ಹೆದರಿದ್ದೆ. ಹೆದರಿದವರು ಏನು ಮಾಡುತ್ತಾರೋ ಅದನ್ನೇ ಮಾಡಿದೆ, ಇರುವುದನ್ನೆಲ್ಲ ಹಾಕಿದೆ. ದನಿಯನ್ನು ತೂಗಾಡಿಸುವುದು, ಮಾರ್ದನಿ ಕೊಡುವುದು, ಒರಟು ಮಾಡುವುದು, ಒಂದಾದ ಮೇಲೊಂದು ಒತ್ತಿದೆ. ಹಾಡಿನ ಮಧ್ಯೆ ನಾಗಮ್ಮ ಥಟ್ಟನೆ ಕಲ್ಲು ನಿಲ್ಲಿಸಿದರು.

"ನನಗ ಕಲ್ಲೇ ಕೇಳವಲ್ದು," ಎಂದರು ಮೈಕಿನಲ್ಲೇ. "ಕಲ್ಲು ಕೇಳಲಾರ್ದ ಹೆಂಗ ಹಾಡಲಿ?"

ಕಲ್ಲಿನ ಗುರುಗುಟ್ಟುವ ಸದ್ದೇ ಅವರ ತಾಳ, ಅದೇ ಅವರಿಗೆ ಆಸರೆ. ನಾನು ಅದೇ ಜಾಗದಲ್ಲಿ ನನ್ನ ತಗ್ಗು ದನಿ ಸುರಿದು ಅದನ್ನು ಮುಚ್ಚಿಬಿಟ್ಟಿದ್ದೆ. ಹೇಗೆ ಸರಿಪಡಿಸಲಿ ಎಂದು ಯೋಚಿಸುವಷ್ಟರಲ್ಲಿ ಕರೆಂಟು ಹೋಗಿ, ಜೋರಾಗಿ ಮರಳಿ ಬಂತು. ನನ್ನ ಪೆಟ್ಟಿಗೆಯ ಮೂಲೆಯಿಂದ ಸುಟ್ಟ ವಾಸನೆ. ಒಂಬತ್ತೂ ಪೆಡಲ್‌ಗಳಿಗೆ ವಿದ್ಯುತ್ ಹಂಚುವ ಡಬ್ಬಿ ಸತ್ತಿತ್ತು, ದೀಪಗಳೆಲ್ಲ ಆರಿದವು. ಮಕ್ಕಳು ಚಪ್ಪಾಳೆ ತಟ್ಟಿದರು, ಅದೂ ಕಾರ್ಯಕ್ರಮದ ಭಾಗ ಎಂದುಕೊಂಡು.

ನಾಗಮ್ಮ ಎದ್ದು ಸೆರಗು ಕೊಡವಿಕೊಂಡರು. "ಒಂದು ಆತು," ಎಂದು ಇಳಿದು ಹೋದರು.

ನಾರಾಯಣಖೇಡ

ನಾರಾಯಣಖೇಡದಲ್ಲಿ ಕಾರ್ಯಕ್ರಮ ಮಧ್ಯಾಹ್ನಕ್ಕೆ. ಬೆಳಿಗ್ಗೆಯಿಂದ ನಾನೂ ಮಹಾನಂದಾರೂ ಪೇಟೆ ಸುತ್ತಿದೆವು. ಈ ಊರಿನ ಒಂದು ಅಭ್ಯಾಸ ನನಗೆ ಬಹಳ ಹಿಡಿಸಿತು. ಯಾರನ್ನಾದರೂ ದಾರಿ ಕೇಳಿದರೆ ಅವರು ಮೊದಲು ನಮ್ಮ ಮುಖ ನೋಡಿ ಭಾಷೆ ಆರಿಸುತ್ತಾರೆ. ನನಗೆ ಒಬ್ಬರು ತೆಲುಗಿನಲ್ಲಿ ಶುರು ಮಾಡಿ, ಉರ್ದುವಿಗೆ ಹೊರಳಿ, ಮರಾಠಿ ಮುಟ್ಟಿ, ಕೊನೆಗೆ ಕನ್ನಡದಲ್ಲಿ ಬಂದು ನಿಂತರು. ಅಷ್ಟರಲ್ಲಿ ದಾರಿ ಮರೆತಿದ್ದರು. ಮೈಸೂರಿನಲ್ಲಿ ಒಂದೇ ಕನ್ನಡದಲ್ಲಿ ನಾವು ಎಷ್ಟು ಸೋಮಾರಿಗಳಾಗಿದ್ದೇವೆ ಅನ್ನಿಸಿತು.

ಮೈಕ್ ಸೆಟ್ಟಿನ ಅಂಗಡಿಯ ಖಾಜಾ ಭಾಯಿಯೇ ಅಂದಿನ ಕಾರ್ಯಕ್ರಮಕ್ಕೂ ಧ್ವನಿವರ್ಧಕ ಹಾಕುವವರು. ನನ್ನ ಸತ್ತ ಡಬ್ಬಿಯನ್ನು ಮೂಸಿ ನೋಡಿ, "ಖತಂ ಆಗ್ಯದ ಮೇಡಂ," ಎಂದರು. ಕೇಬಲ್ ಟೀವಿ ಪೆಟ್ಟಿಗೆಯ ಒಂದು ಅಡಾಪ್ಟರ್ ತಂದುಕೊಟ್ಟರು. ಅದರ ವೋಲ್ಟೇಜು ಹೆಚ್ಚು, ಪಿನ್ನಿನ ಪ್ಲಸ್ಸು-ಮೈನಸ್ಸೂ ಉಲ್ಟಾ. ಸಿಕ್ಕಿಸಿದ್ದರೆ ಪೆಡಲ್‌ಗಳೂ ಡಬ್ಬಿಯ ದಾರಿ ಹಿಡಿಯುತ್ತಿದ್ದವು. ಆಗ ನೆನಪಾಯಿತು, ಪೆಡಲ್‌ಗಳ ಹೊಟ್ಟೆಯೊಳಗೆ ಒಂಬತ್ತು ವೋಲ್ಟಿನ ಚೌಕಾಕಾರದ ಸೆಲ್ಲು ಹಾಕಲು ಜಾಗ ಇರುತ್ತದೆ.

"ಚೌಕ ಸೆಲ್ಲಾ? ಅದನ್ನ ಯಾರು ಕೇಳ್ತಾರ್ರಿ ಇಲ್ಲಿ!" ಎನ್ನುತ್ತ ಖಾಜಾ ಭಾಯಿ ಕಪಾಟು ತಡಕಾಡಿ ಒಂದು ತೆಗೆದರು. ವಯರ್ ಇಲ್ಲದ ಹಳೇ ಮೈಕಿನ ಹೊಟ್ಟೆಯಿಂದ ಇನ್ನೊಂದು. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ತಮ್ಮ ಕರೆಂಟು ಅಳೆಯುವ ಮೀಟರಿನ ಬೆನ್ನು ಬಿಚ್ಚಿ ಮೂರನೆಯದನ್ನೂ ಕೊಟ್ಟರು. "ಮೂರೇ. ಮುಂದ ಅಲ್ಲಾ ಮಾಲಕ್."

ಒಂಬತ್ತು ಪೆಡಲ್, ಮೂರು ಸೆಲ್ಲು. ಅಂಗಡಿಯ ಮುಂದಿನ ಬೆಂಚಿನ ಮೇಲೆ ಪೆಡಲ್‌ಗಳನ್ನು ಹರವಿಕೊಂಡು ಕೂತೆ. ಶಿಷ್ಯರಿಗೆ ಹೇಳುತ್ತಿದ್ದ ಬಾಯಿಪಾಠವನ್ನೇ ನನಗೆ ನಾನು ಹೇಳಿಕೊಂಡೆ. ಮೊದಲನೆಯದು ಟ್ಯೂನರ್, ತಂತಿಯ ಶ್ರುತಿ ತೋರಿಸುವುದು. ನಾಗಮ್ಮ ಪ್ರತಿ ಹಾಡನ್ನೂ ತಮಗೆ ತೋಚಿದ ಶ್ರುತಿಯಲ್ಲಿ ಎತ್ತುತ್ತಾರೆ. ಗದ್ದಲದಲ್ಲಿ ನಾಲ್ಕೂ ತಂತಿಗಳನ್ನು ಅದಕ್ಕೆ ಹೊಂದಿಸಿಕೊಳ್ಳಲು ಇದು ಬೇಕೇ ಬೇಕು. ಎರಡನೆಯದು ಪ್ರೀಆಂಪ್. ಗಿಟಾರಿನ ಬಡ ದನಿಯನ್ನು ಧ್ವನಿವರ್ಧಕಕ್ಕೆ ಸಾಲುವಷ್ಟು ಗಟ್ಟಿ ಮಾಡುವುದು. ಎಲ್ಲಕ್ಕಿಂತ ಕೆಳಗಿನ ಗುಂಯ್‌ಗುಡುವ ಭಾಗವನ್ನು ಅದರಲ್ಲೇ ಕತ್ತರಿಸಬಹುದು, ಆಗ ಕಲ್ಲಿಗೆ ಜಾಗ ಸಿಗುತ್ತದೆ. ಮೂರನೆಯದು ಕಂಪ್ರೆಸರ್. ಜೋರಾಗಿ ಮೀಟಿದ್ದನ್ನು ತಗ್ಗಿಸಿ, ಮೆಲ್ಲಗೆ ಮೀಟಿದ್ದನ್ನು ಎತ್ತಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವುದು. ಇದಿಲ್ಲದೆ ಬೇಸ್ ನುಡಿಸುವವರು ಉಪ್ಪಿಲ್ಲದೆ ಅಡುಗೆ ಮಾಡುವವರು ಎಂದು ತರಗತಿಯಲ್ಲಿ ಹೇಳಿದ್ದೇನೆ. ಉಳಿದ ಆರನ್ನು ಪೆಟ್ಟಿಗೆಯಲ್ಲಿ ಹಾಗೇ ಮಲಗಿಸಿದೆ.

ಅಂದು ನಾಗಮ್ಮ ಆರು ಹಾಡು ಹಾಡಿದರು. ಒಮ್ಮೆಯೂ ಕಲ್ಲು ನಿಲ್ಲಲಿಲ್ಲ. ಕೊನೆಯಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಖಾಜಾ ಭಾಯಿ ದೂರದಿಂದಲೇ ಹೆಬ್ಬೆರಳು ಎತ್ತಿದರು. ನಾನು ಉಬ್ಬಿಹೋಗಿ ನಾಗಮ್ಮನ ಬಳಿ ಓಡಿದೆ.

"ಹೆಂಗಿತ್ತಮ್ಮಾ?"

"ಛಲೋ ಇತ್ತು," ಎಂದರು. ನೀರು ಕುಡಿದು ಮತ್ತೆ ಹೇಳಿದರು, "ಕಾಲಾಗ ನೆಲ ಸಿಕ್ಕಂಗಾತು. ಖರೇ, ನನಗ ಬೇಕಾದ್ದು ನೆಲ ಅಲ್ಲವ್ವಾ. ಎದುರ ಮಾತಾಡೋರು ಬೇಕು."

ಆಗ ಗಮನಕ್ಕೆ ಬಂತು, ಈರಮ್ಮ ಎದುರು ಸಾಲು ಕೊಡಬೇಕಾದ ಜಾಗದಲ್ಲೆಲ್ಲ ನಾಗಮ್ಮ ಸುಮ್ಮನೆ ಕಲ್ಲು ತಿರುಗಿಸಿ ಕಾದಿದ್ದರು. ಆ ಜಾಗಗಳಲ್ಲಿ ನಾನು ಅಚ್ಚುಕಟ್ಟಾಗಿ, ಸಮನಾಗಿ, ಏನೂ ಹೇಳದೆ ನುಡಿಸಿದ್ದೆ.

ರಾಯಿಕೋಡಿನ ಬೇವಿನ ಮರ

ಮರುದಿನ ತಾಂಡೂರಿಗೆ ಹೊರಟೆವು. ಮಹಾನಂದಾ ಗೊತ್ತುಮಾಡಿದ್ದ ಟೆಂಪೋದಲ್ಲಿ ಹಿಂದೆ ಕಲ್ಲು, ಮುಂದೆ ನೆಗೆಣ್ಣಿಯರಿಬ್ಬರೂ ಮಹಾನಂದಾರೂ ನಾನೂ. ರಾಯಿಕೋಡಿನ ಹತ್ತಿರ ಚಕ್ರ ಪಂಕ್ಚರ್ ಆಯಿತು. ಡ್ರೈವರ್ ಚಕ್ರ ಬಿಚ್ಚತೊಡಗಿದ. ನಾವು ರಸ್ತೆ ಪಕ್ಕದ ಬೇವಿನ ಮರದ ಕೆಳಗೆ ಕೂತೆವು. ಎದುರಿಗೆ ಹೂ ಬಿಟ್ಟ ತೊಗರಿ ಹೊಲ. ಯಾರೋ ಹೊಲದವರು ಕರೆಯದೆಯೇ ಬಂದು, ಹಸಿ ತೊಗರಿಕಾಯಿ ಬೇಯಿಸಿ ತಂದುಕೊಟ್ಟು, ಯಾವೂರು ಎಂದು ಕೇಳಿ, ಮೈಸೂರು ಎಂದಾಗ, "ಅಷ್ಟ್ ದೂರದಿಂದ ಪಂಕ್ಚರ್ ಮಾಡ್ಕೊಳ್ಳಾಕ ಬಂದೀರಿ?" ಎಂದು ಹೋದರು.

ನಾಗಮ್ಮ ಮರಕ್ಕೆ ಒರಗಿ ಕಣ್ಣು ಮುಚ್ಚಿದ್ದರು. ನಾನು ಮಂಕಾಗಿ ಕೂತಿದ್ದೆ. ಈರಮ್ಮ ನನ್ನ ಮೊಣಕೈ ತಿವಿದು, ಪೆಟ್ಟಿಗೆ ತೋರಿಸಿ, ತೆಗಿ ಎಂದು ಸನ್ನೆ ಮಾಡಿದರು. ಹೊತ್ತು ಹೋಗಲಿ ಎಂದು ತೆಗೆದೆ. ಪುಟ್ಟ ಸ್ಪೀಕರ್ ಜೋಡಿಸಿ, ಒಂದು ಸೆಲ್ಲನ್ನು ಒಂದೊಂದು ಪೆಡಲಿಗೂ ಬದಲಿಸುತ್ತ ಹೋದೆ. ಈರಮ್ಮ ಒಂದೊಂದರ ಗುಂಡಿಯನ್ನೂ ಬೆರಳಿನಿಂದ ತಿರುಗಿಸಿ ಕೇಳಿದರು. ಒರಟು ದನಿಗೆ ಮೂಗು ಮುರಿದರು. ಮಾರ್ದನಿಗೆ ಹಿಂದೆ ತಿರುಗಿ ಯಾರು ಎಂದು ನೋಡಿದ ಹಾಗೆ ನಟಿಸಿದರು. ತೂಗಾಡುವ ದನಿಗೆ ತಲೆ ಹಿಡಿದುಕೊಂಡರು.

ಏಳನೆಯದು ನಾನು ತಮಾಷೆಗೆಂದು ಇಟ್ಟುಕೊಂಡಿದ್ದ ಹಸಿರು ಪೆಡಲ್. ಮದುವೆ ಮನೆಯ ಆರ್ಕೆಸ್ಟ್ರಾದಲ್ಲಿ ಕುಣಿತದ ಹಾಡು ಬಂದಾಗ ಮಾತ್ರ ಒತ್ತುತ್ತಿದ್ದೆ. ಫಿಲ್ಟರ್ ಎಂದು ಅದರ ಹೆಸರು. ತಂತಿಯನ್ನು ಮೆಲ್ಲಗೆ ಮೀಟಿದರೆ ದನಿ ಬಾಯಿ ಮುಚ್ಚಿಕೊಂಡಂತೆ "ಅಂ" ಎನ್ನುತ್ತದೆ. ಒತ್ತಿ ಮೀಟಿದರೆ "ಅಂ" ಹೋಗಿ "ಆ" ಎಂದು ತೆರೆದುಕೊಳ್ಳುತ್ತದೆ.

ಒಂದು ಸಲ ಮೀಟಿದೆ. ಈರಮ್ಮನ ಕೈ ನಿಂತಿತು. ಇನ್ನೊಂದು ಸಲ ಮೀಟಿದೆ. ಅವರು ನನ್ನ ಕಿವಿಯ ಹತ್ತಿರ ಬಂದು, ಗಾಳಿಯಷ್ಟೇ ದನಿಯಲ್ಲಿ ಹೇಳಿದರು.

"ಇದು ಬಾಯಿ ತೆಗಿತದ."

ಆಮೇಲೆ ಗುಂಡಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸಿದರು. ನನ್ನ ಬೆರಳನ್ನು ಹಿಡಿದು ಎಷ್ಟು ಒತ್ತಬೇಕು ಎಂದು ತಂತಿಯ ಮೇಲೆ ಒತ್ತಿ ತೋರಿಸಿದರು. ತಮ್ಮ ಬಾಯನ್ನು ಅಗಲ ಮಾಡಿ, ಇಷ್ಟು ಎಂದರು. ಕಡಿಮೆ ಮಾಡಿ, ಇಷ್ಟು ಎಂದರು. ಕಂಪ್ರೆಸರ್ ಮುಂದೆ ಸೇರಿಸಿ ನೋಡಿದೆ, ಅಭ್ಯಾಸಬಲ. ದನಿ ತಕ್ಷಣ ಸತ್ತಿತು. ಬೆರಳಿನ ಬಲ ನೋಡಿ ಬಾಯಿ ತೆರೆಯುವ ಪೆಡಲಿಗೆ, ಬಲವನ್ನೆಲ್ಲ ಮೊದಲೇ ಸಮ ಮಾಡಿ ಕಳಿಸಿದರೆ ಅದು ಏನು ತಿಳಿಯಬೇಕು? ಹದಿನೈದು ವರ್ಷದ ಬಾಯಿಪಾಠವನ್ನು ಬೇವಿನ ಮರದ ಕೆಳಗೆ ಬಿಚ್ಚಿ ಬದಿಗಿಟ್ಟೆ. ಬೇಸರ ಆಗಲಿಲ್ಲ ಎಂದರೆ ಸುಳ್ಳು. ಸ್ವಲ್ಪ ಆಯಿತು.

ನಾಗಮ್ಮನ ಕಣ್ಣು ಮುಚ್ಚಿಯೇ ಇದ್ದವು. "ಇನ್ನಾ ಎಷ್ಟೊತ್ತು ಆಡ್ತೀರಿ?" ಎಂದರು. ಬೇಡ ಎಂದು ಮಾತ್ರ ಹೇಳಲಿಲ್ಲ.

ತಾಂಡೂರು

ತಾಂಡೂರು ಕಲ್ಲಿನ ಊರು. ಮನೆಯ ನೆಲ ಕಲ್ಲು, ಗೋಡೆ ಕಲ್ಲು, ಹೊಲದ ಬೇಲಿಗೂ ನಿಲ್ಲಿಸಿದ ಕಲ್ಲು ಚಪ್ಪಡಿ. ನಮ್ಮ ಮನೆಯ ಅಂಗಳಕ್ಕೆ ಹಾಸಿದ ನುಣುಪು ಕಲ್ಲು ಎಲ್ಲಿಂದ ಬರುತ್ತದೆ ಎಂದು ನಾನು ಈವರೆಗೆ ಯೋಚಿಸಿಯೇ ಇರಲಿಲ್ಲ. ಇಲ್ಲಿ ಅದನ್ನು ಎತ್ತಿ ಲಾರಿಗೆ ತುಂಬುತ್ತಿದ್ದವರ ಹುಬ್ಬಿನ ಮೇಲೂ ಕಲ್ಲಿನ ಬಿಳಿ ಪುಡಿ ಇತ್ತು.

ಕಾರ್ಯಕ್ರಮದ ಸಭಾಭವನವೂ ಪೂರ್ತಿ ಕಲ್ಲು. ಒಂದು ತಂತಿ ಮುಟ್ಟಿದೆ, ಇಡೀ ಕಟ್ಟಡ ಗುಂಯ್ ಎಂದಿತು. ಪ್ರೀಆಂಪಿನಲ್ಲಿ ಕೆಳಗಿನ ದನಿಯನ್ನು ಅರ್ಧಕ್ಕೂ ಹೆಚ್ಚು ಕತ್ತರಿಸಿದೆ. ಇನ್ನೊಂದು ಕಟ್ಟಡದಲ್ಲಾದರೆ ಬೇಸ್ ಎಂದು ಯಾರೂ ಒಪ್ಪದಷ್ಟು ತೆಳುವಾಯಿತು. ಇಲ್ಲಿ ಉಳಿದದ್ದನ್ನು ಗೋಡೆಗಳೇ ತುಂಬಿಕೊಟ್ಟವು. ಮೂರು ಸೆಲ್ಲುಗಳು ಮೂರಕ್ಕೆ ಹೋದವು, ಟ್ಯೂನರ್, ಪ್ರೀಆಂಪ್, ಹಸಿರು ಫಿಲ್ಟರ್.

ಶುರುವಾಗುವ ಮೊದಲು ನಾನು ನಾಗಮ್ಮನನ್ನು ಕೇಳಿದೆ, "ಈರಮ್ಮ ನಿಮ್ಮೆದುರು ಕೂರಲಿ. ಸುಮ್ಮನೆ ಕಲ್ಲು ತಿರುಗಿಸಲಿ. ಆಗಬಹುದಾ?"

ನಾಗಮ್ಮ ಈರಮ್ಮನ ಕಡೆ ನೋಡಿದರು. "ಎರಡು ವರ್ಷ ಆತು ಆಕಿ ಕಲ್ಲಿಗಿ ಕುಂತು," ಎಂದರು. ಈರಮ್ಮ ಅಷ್ಟರಲ್ಲಿ ಕೇಳುವವರೆಗೂ ಕಾಯದೆ ಹೋಗಿ ಕೂತು, ಗೂಟಕ್ಕೆ ಕೈ ಹಾಕಿಯಾಗಿತ್ತು.

ಜೋಳ ಬಿತ್ತು, ಕಲ್ಲು ತಿರುಗಿತು. ನಾಗಮ್ಮ ಮೊದಲ ಸಾಲು ಎತ್ತಿದರು. ಟ್ಯೂನರಿನ ಕಡೆ ಒಮ್ಮೆ ನೋಡಿ ತಂತಿ ಹೊಂದಿಸಿಕೊಂಡು ಕಾದೆ. ನನ್ನ ಕಣ್ಣು ಈರಮ್ಮನ ಬಾಯಿಯ ಮೇಲಿತ್ತು. ನಾಗಮ್ಮನ ಸಾಲು ಮುಗಿಯಿತು, ಆ ಖಾಲಿ ಜಾಗ ಬಂತು. ಈರಮ್ಮ ಗಲ್ಲ ಎತ್ತಿ, ಅಭ್ಯಾಸದಂತೆ, ಸದ್ದಿಲ್ಲದ ಬಾಯಿ ತೆರೆದರು.

ನಾನು ಒತ್ತಿ ಮೀಟಿದೆ. "ಅಂ" ಎಂದು ಶುರುವಾದದ್ದು "ಆ" ಎಂದು ತೆರೆದುಕೊಂಡು ಕಲ್ಲುಗೋಡೆಗಳ ತುಂಬ ಹರಡಿತು.

ನಾಗಮ್ಮನ ಕೈ ಒಂದು ಕ್ಷಣ ತಡವರಿಸಿತು. ಕಲ್ಲು ನಿಲ್ಲುತ್ತದೆ ಎಂದುಕೊಂಡೆ. ಆದರೆ ಎದುರಿನ ಕೈ ಕಲ್ಲನ್ನು ಎಳೆದುಕೊಂಡು ಹೋಯಿತು. ನಾಗಮ್ಮ ನನ್ನ ಕಡೆ ನೋಡಲೇ ಇಲ್ಲ. ಈರಮ್ಮನ ಮುಖವನ್ನೇ ನೋಡುತ್ತ ಎರಡನೆಯ ಸಾಲು ಎತ್ತಿದರು, ಮೊದಲಿಗಿಂತ ಜೋರಾಗಿ, ಜಗಳಕ್ಕೆ ಕರೆದ ಹಾಗೆ. ಈರಮ್ಮ ಬಾಯಿ ತೆರೆದರು, ನಾನು ಮೀಟಿದೆ. ಅವರು ತುಟಿ ಸಣ್ಣ ಮಾಡಿದರೆ ಬೆರಳು ಹಗುರ ಮಾಡಿದೆ, ಕಣ್ಣು ಅರಳಿಸಿದರೆ ಒತ್ತಿದೆ. ಎಲ್ಲೋ ನಾಲ್ಕನೆಯ ಹಾಡಿನಲ್ಲಿ ನಾನು ಬೆರಳಿನ ಬಗ್ಗೆ ಯೋಚಿಸುವುದನ್ನೇ ಬಿಟ್ಟೆ. ಮುಂದಿನ ಸಾಲಿನಲ್ಲಿ ಕೂತಿದ್ದ ಮಹಾನಂದಾ ಅಳುತ್ತ ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಆಮೇಲೆ ನೋಡಿದರೆ ಅದರಲ್ಲಿ ಬಂದದ್ದು ಪೂರ್ತಿ ಅವರ ಹೆಬ್ಬೆರಳು.

ಆರು ಹಾಡು ಎಂದು ಮಾತಾಗಿತ್ತು. ಹನ್ನೊಂದು ಹಾಡಿದರು. ಬುಟ್ಟಿಯ ಜೋಳ ಮುಗಿದಾಗ ಸಭೆಯಲ್ಲಿದ್ದ ಒಬ್ಬ ಹೆಂಗಸು ಪಕ್ಕದ ಮನೆಗೆ ಓಡಿ ಇನ್ನೊಂದು ಮೊರದಷ್ಟು ತಂದು ಸುರಿದರು.

ಮುಗಿದ ಮೇಲೆ ಮೂವರೂ ವೇದಿಕೆಯ ಮೇಲೇ ಕೂತೆವು, ಹಿಟ್ಟಿನಲ್ಲಿ ಮುಳುಗಿದ ಸೀರೆ, ಬೆವರು. ಮಹಾನಂದಾ ಮೆಟ್ಟಿಲು ಹತ್ತಿ ಬಂದು, ಎರಡೂ ಕೈ ಸೊಂಟದ ಮೇಲಿಟ್ಟು, ಶಾಲೆಯಲ್ಲಿ ಕೇಳುವ ಹಾಗೆ ಕೇಳಿದರು. "ಈಗ ಹೇಳಬೇ. ಎದುರ ದನಿ ಹೆಂಗಿತ್ತು?"

ನಾಗಮ್ಮ ಸೆರಗಿನ ತುದಿಯಿಂದ ಹಣೆಯ ಹಿಟ್ಟು ಒರೆಸಿಕೊಂಡರು.

"ಈರಿಯಷ್ಟು ಛಲೋ ಇಲ್ಲ," ಎಂದರು. ನನ್ನ ಮುಖ ಇಳಿಯುವುದನ್ನು ನೋಡಿ, ಕೈ ಚಾಚಿ ನನ್ನ ಮೊಣಕಾಲು ತಟ್ಟಿದರು. "ಖರೇ ಹೇಳ್ಲಿ? ಈರಿ ಮೊದಲಿಂದನೂ ಒಂದು ಚೂರು ತಡಾ ಮಾಡಿ ಬರ್ತಿದ್ಲು. ನಲವತ್ತು ವರ್ಷ ಬೈದೀನಿ, ಸುಧಾರಿಸಲಿಲ್ಲ. ಇದೂ ಹಂಗೇ, ತಡಾ ಮಾಡಿ ಬರ್ತದ."

ಈರಮ್ಮ ಹಿಟ್ಟಿನ ಕೈಯಲ್ಲೇ ನಾಗಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಅಷ್ಟೆ, ಇಬ್ಬರೂ ನಗತೊಡಗಿದರು, ಒಬ್ಬರು ಕಲ್ಲುಗೋಡೆಗಳು ಮಾರ್ದನಿಸುವ ಹಾಗೆ, ಇನ್ನೊಬ್ಬರು ಸದ್ದಿಲ್ಲದೆ ಹೆಗಲು ಕುಲುಕಿಸುತ್ತ, ಒಬ್ಬರ ಮೇಲೊಬ್ಬರು ಒರಗಿಕೊಂಡು, ನಿಲ್ಲಿಸಲಾಗದೆ.